ಪ್ರತಿ ಊರಲ್ಲೂ ಗಿಡಮರಗಳ ಜಾತಿಗಳ ಸಂಖ್ಯೆ ಮೊದಲಿನಷ್ಟೇ ಇದ್ದರೂ ಜಿಲ್ಲೆಯ ವೈವಿಧ್ಯ ಕುಗ್ಗುವುದು ಹೇಗೆ?

ಊರು ಊರಿನ ನಡುವಿನ ವ್ಯತ್ಯಾಸ ಅಳಿಸಿಹೋಗುವುದರಿಂದ. ಒಂದೊಂದು ಜಾಗದ ವಿಶೇಷ ಜಾತಿಗಳು ಹೋಗಿ, ಎಲ್ಲೆಡೆ ಬದುಕಬಲ್ಲ ಅವೇ ನಾಲ್ಕಾರು ಜಾತಿಗಳು ಬಂದು ಕೂರುತ್ತವೆ.

ಲೆಕ್ಕ ಹಾಕಿ ನೋಡಿ. ಕರಾವಳಿಯ ಒಂದು ಗುಡ್ಡ, ಶಿರಸಿ ಕಡೆಯ ಒಂದು ಕಾನು (ದಟ್ಟ ಕಾಡು). ತಲಾ 20 ಜಾತಿ, ಎರಡಕ್ಕೂ ಸಾಮಾನ್ಯ 5. ಒಟ್ಟು 35. ಎರಡೂ ಕಡೆ ತಲಾ 8 ವಿಶೇಷ ಜಾತಿ ಅಳಿದು, ಅದೇ 8 ಹೊಸ ಜಾತಿ ಎರಡಕ್ಕೂ ಬಂದವು ಎನ್ನಿ. ಈಗಲೂ ತಲಾ 20, ಆದರೆ ಒಟ್ಟು 27 ಮಾತ್ರ. ಹೋಲಿಕೆ (ಸಾಮಾನ್ಯ ಜಾತಿ ÷ ಒಟ್ಟು ಜಾತಿ) ಶೇ. 14ರಿಂದ 48ಕ್ಕೆ ಏರಿತು.

ಯಾರು ಹೋಗುತ್ತಾರೆ, ಯಾರು ಬರುತ್ತಾರೆ ಎಂಬುದು ಆಕಸ್ಮಿಕವಲ್ಲ. ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳಿವೆ. ಕೆಸರಿನಲ್ಲಿ ಗಾಳಿ ಸಿಗದ ಕಾರಣ ಬೇರುಗಳು ಮಡಿಸಿದ ಮೊಣಕಾಲಿನಂತೆ ನೀರಿನಿಂದ ಮೇಲೆದ್ದಿರುತ್ತವೆ. ಬೀಜ ದಪ್ಪ, ಒಣಗಿದರೆ ಸತ್ತಂತೆ. ಹಳ್ಳದ ನೀರನ್ನು ತೋಟಕ್ಕೆ ತಿರುಗಿಸಿದರೆ ಮುಂದಿನ ಪೀಳಿಗೆ ಮೊಳೆಯುವುದಿಲ್ಲ. ಯುಪಟೋರಿಯಂ ಎಂಬ ಕಳೆಯ ಬೀಜವೋ ಗಾಳಿಯಲ್ಲಿ ತೇಲಿ, ಬಿಸಿಲು ಬಿದ್ದಲ್ಲೆಲ್ಲ ಏಳುತ್ತದೆ. ಅಕೇಶಿಯಾವನ್ನಂತೂ ನಾವೇ ಗುಡ್ಡಗುಡ್ಡಕ್ಕೆ ನೆಟ್ಟಿದ್ದೇವೆ.

ಎಣಿಸುವಾಗ ಎಡವುವುದು ಋತುವಿನಲ್ಲಿ. ಮಳೆಗಾಲದಲ್ಲಿ ಕಲ್ಲುಹಾಸಿನ ಮೇಲೆ ಏಳುವ ಪುಟ್ಟ ಗಿಡಗಳು ಬೇಸಿಗೆಯಲ್ಲಿ ಕಾಣವು. ಹಾಗಾಗಿ ಅಷ್ಟೇ ಅಳತೆಯ ಜಾಗವನ್ನು, ಅದೇ ತಿಂಗಳಲ್ಲಿ, ಕೆಲವು ವರ್ಷ ಬಿಟ್ಟು ಮತ್ತೆ ಎಣಿಸಬೇಕು.