ಪಾವಗಡದ ಮೂರು ಸಾಲಿನಿಂದ ಮತ್ತೆ ಶುರು ಮಾಡಿ

ನಮಸ್ಕಾರ. ಜನಸಂಖ್ಯೆ ಮತ್ತು ಹವಾಮಾನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ.

ಮಳೆ ಕೈಕೊಡಲು ಹೆಚ್ಚು ಮಕ್ಕಳೇ ಕಾರಣ, ಎರಡೇ ಮಕ್ಕಳ ಕಾನೂನು ಬರಲಿ ಎಂದು ಬರೆದಿದ್ದೀರಿ. ಆ ಕಾನೂನು ಯಾರ ಮೈಮೇಲೆ ಬರುತ್ತದೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ನೀವು ಕೇಳುತ್ತಿರುವುದಕ್ಕಿಂತ ಈಗಾಗಲೇ ಕಡಿಮೆ! ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಇದಕ್ಕಿಂತ ಸುಲಭ, ಆದರೂ ಅವರ ಲೆಕ್ಕ ಹೆಚ್ಚುಕಮ್ಮಿ ಸೊನ್ನೆ. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಒಂದೇ ದಿನ, ಒಂದೇ ಶಿಬಿರದಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ‘ಜನಸಂಖ್ಯಾ ಸ್ಫೋಟ’ ಎಂದು ಸುಮ್ನೆ ಬರೆದುಬಿಡುವ ಮುಂಚೆ ಇದೆಲ್ಲ ಗೊತ್ತಿರಬೇಕು, ಅಲ್ವಾ? ಒಬ್ಬ ಅಮೆರಿಕನ್ ವರ್ಷಕ್ಕೆ ಗಾಳಿಗೆ ಬಿಡುವ ಇಂಗಾಲ ನಮ್ಮವರ ಆರೇಳು ಪಟ್ಟು ಎನ್ನುವುದೂ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಆದರೆ ನಾಲ್ಕನೇ ಪುಟದಲ್ಲಿ ಮೂರು ಸಾಲು ಇವೆ. ನಿಮ್ಮೂರು ಪಾವಗಡದ ಸೋಲಾರ್ ಪಾರ್ಕಿನ ಪಕ್ಕದಲ್ಲಿದೆ. ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಪಕ್ಕದ ಮನೆಯಾಕೆಗೆ ಈಗ ಕೂಲಿ ಇಲ್ಲ. ಇಷ್ಟು ಹೇಳಿ ನೀವು ಮುಂದೆ ಹೋಗಿಬಿಟ್ಟಿರಿ, ನಾನು ಅಲ್ಲೇ ನಿಂತೆ. ಪಾರ್ಕಿಗೆ ರೈತರು ಗುತ್ತಿಗೆಗೆ ಕೊಟ್ಟಿದ್ದು ಸುಮಾರು 13,000 ಎಕರೆ ಜಮೀನು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಬರದಲ್ಲಿ ಸೋತ ರೈತರಿಗೆ ಅದು ನಿಜಕ್ಕೂ ಆಸರೆ, ಅದನ್ನೂ ಬರೆಯಿರಿ. ಆದರೆ ದುಡ್ಡು ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೆಸರು ಹೆಚ್ಚಾಗಿ ಗಂಡಸರದ್ದು. ತುಂಡು ಹೊಲವೂ ಇಲ್ಲದ ಆಕೆಗೆ ಕಳೆ ಕೀಳುವ, ಕಾಯಿ ಬಿಡಿಸುವ ಕೂಲಿಯೇ ಬದುಕಾಗಿತ್ತು. ಬೇಲಿ ಬಿದ್ದ ಮೇಲೆ ಮೇಕೆ ಎಲ್ಲಿ ಮೇಯಿಸುತ್ತಾರೆ? ಸೌದೆಗೆ ಎಷ್ಟು ದೂರ ಹೋಗುತ್ತಾರೆ? ಪ್ಯಾನೆಲ್ ತೊಳೆಯುವ ಕೆಲಸ ಕೇಳಿದ್ದರಾ? ಗುತ್ತಿಗೆ ಮಾತುಕತೆಗೆ ಅವರನ್ನು ಯಾರಾದರೂ ಕರೆದಿದ್ದರಾ? ಹೋಗಿ ಕೇಳಿ. ಆಪರೇಷನ್ ವಿಷಯ ಅವರಾಗಿ ಹೇಳಿದರೆ ಮಾತ್ರ ಬರೆಯಿರಿ.

ಮೊದಲ ಮೂರು ಪುಟ ಕಿತ್ತುಹಾಕಿ. ಆಕೆಯ ಒಪ್ಪಿಗೆ ಪಡೆದು, ಹೆಸರು ಬದಲಿಸಿ, ಸಾವಿರ ಪದಗಳಲ್ಲಿ ಮತ್ತೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.