ಎಚ್‌ಐವಿ ಮಾತ್ರೆ ಮತ್ತು ಹೃದಯ: ಓದುಗರ ಪ್ರಶ್ನೆಗೆ ವೈದ್ಯರ ಉತ್ತರ

ಪ್ರಶ್ನೆ: ನನಗೀಗ 51 ವರ್ಷ. 2010ರಿಂದ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪತ್ತೆಯಾಗದಷ್ಟು ಕಡಿಮೆ ಇದೆ. ಈ ಮಾತ್ರೆಗಳಿಂದಲೇ ಹೃದಯಾಘಾತವಾಗುತ್ತದೆಂದು ಪರಿಚಯದವರೊಬ್ಬರು ಹೇಳಿದ ಮೇಲೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತೇನೆ. ಕೆಲವು ತಿಂಗಳು ಮಾತ್ರೆ ಬಿಟ್ಟು ನೋಡಬಹುದೇ?
(ಹೆಸರು ಬೇಡ, ಗದಗ ಜಿಲ್ಲೆ)

ಉತ್ತರ: ಬಿಡಬೇಡಿ, ಒಂದು ದಿನದ ಮಟ್ಟಿಗೂ ಬಿಡಬೇಡಿ. ನಿಮ್ಮ ಮನಸ್ಸಿಗೆ ಬಂದ ಈ ಯೋಚನೆ ಒಂದು ಕಾಲಕ್ಕೆ ತಜ್ಞರಿಗೂ ಬಂದಿತ್ತು. 33 ದೇಶಗಳ ಐದು ಸಾವಿರಕ್ಕೂ ಹೆಚ್ಚು ಸೋಂಕಿತರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸತತವಾಗಿ ಔಷಧ ಕೊಟ್ಟು, ಇನ್ನೊಂದು ಗುಂಪಿನವರಿಗೆ ಸಿಡಿ4 (ರಕ್ತದ ರಕ್ಷಣಾ ಕಣಗಳ) ಎಣಿಕೆ 250ಕ್ಕಿಂತ ಕೆಳಗಿಳಿಯುವ ತನಕ ಔಷಧ ತಡೆಹಿಡಿದು ನೋಡಿದ ‘ಸ್ಮಾರ್ಟ್’ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಔಷಧ ಕಡಿಮೆಯಾದರೆ ಹೃದಯಕ್ಕೆ ಒಳಿತಾದೀತೆಂಬ ನಿರೀಕ್ಷೆ ತಲೆಕೆಳಗಾಗಿ, ಬಿಟ್ಟವರಲ್ಲೇ ಸಾವೂ ಹೃದಯದ ತೊಂದರೆಗಳೂ ಹೆಚ್ಚಿದವು. ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು.

ಇದಕ್ಕೆ ಕಾರಣ ವೈರಸ್ಸಿನ ನಡತೆಯಲ್ಲಿದೆ. ಸೋಂಕು ತಗುಲಿದ ಮೊದಲ ವಾರಗಳಲ್ಲೇ ಅದು ಕರುಳಿನ ಗೋಡೆಯ ರಕ್ಷಣಾ ಕಣಗಳನ್ನು ಹಾಳುಗೆಡವುತ್ತದೆ. ಆ ಗೋಡೆ ಮತ್ತೆ ಪೂರ್ತಿ ಭದ್ರವಾಗುವುದಿಲ್ಲವಾದ್ದರಿಂದ ಬ್ಯಾಕ್ಟೀರಿಯಾಗಳ ಚೂರುಪಾರು ರಕ್ತಕ್ಕೆ ಸೋರುತ್ತಲೇ ಇರುತ್ತದೆ, ದೇಹದ ರಕ್ಷಣಾ ವ್ಯವಸ್ಥೆ ವರ್ಷಗಟ್ಟಲೆ ಸಣ್ಣ ಉರಿಯಲ್ಲಿ ಕುದಿಯುತ್ತಲೇ ಇರುತ್ತದೆ. ಈ ಉರಿಯೂತವೇ ರಕ್ತನಾಳದ ಒಳಪದರವನ್ನು ಕೆಡಿಸಿ ಕೊಬ್ಬು ಕೂರುವುದಕ್ಕೂ ರಕ್ತ ಹೆಪ್ಪುಗಟ್ಟುವುದಕ್ಕೂ ಅನುವು ಮಾಡಿಕೊಡುತ್ತದೆ. ಸೋಂಕಿತರಲ್ಲಿ ಹೃದಯಾಘಾತದ ಸಾಧ್ಯತೆ ಉಳಿದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಹೆಚ್ಚಿರುವುದು ಮುಖ್ಯವಾಗಿ ಇದರಿಂದಲೇ. ಮಾತ್ರೆ ಆ ಉರಿಯನ್ನು ಪೂರ್ತಿ ನಂದಿಸದಿದ್ದರೂ ತಗ್ಗಿಸುತ್ತದೆ. ಮಾತ್ರೆ ಬಿಟ್ಟರೆ ಅದು ಮತ್ತೆ ಭುಗಿಲೇಳುತ್ತದೆ.

ನಿಮ್ಮ ಪರಿಚಯದವರ ಮಾತು ಪೂರ್ತಿ ಸುಳ್ಳೂ ಅಲ್ಲ. ಹಳೆಯ ಎಚ್‌ಐವಿ ಮಾತ್ರೆ ಸ್ಟಾವುಡಿನ್ ಕೆನ್ನೆಯ ಕೊಬ್ಬನ್ನು ಕರಗಿಸಿ, ಹಲವರಲ್ಲಿ ರಕ್ತದ ಕೊಬ್ಬಿನಂಶವನ್ನು ಏರಿಸುತ್ತಿತ್ತು. ಲೋಪಿನಾವಿರ್-ರಿಟೊನಾವಿರ್ ಕೊಲೆಸ್ಟರಾಲನ್ನೂ ಟ್ರೈಗ್ಲಿಸರೈಡನ್ನೂ ಏರಿಸುತ್ತದೆ. ಅಬಕಾವಿರ್‌ಗೂ ಹೃದಯಾಘಾತಕ್ಕೂ ನಂಟಿರುವುದನ್ನು 2008ರಲ್ಲೇ ದೊಡ್ಡದೊಂದು ಅಧ್ಯಯನ ತೋರಿಸಿತು. ಆದರೆ ಈಗ ಸರ್ಕಾರಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಕೊಡುವುದು ಟೆನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಕೂಡಿದ ಒಂದೇ ಗುಳಿಗೆ. ಅದರಿಂದ ಕೆಲವರ ತೂಕ ಹೆಚ್ಚುತ್ತದೆ, ಅದರ ಮೇಲೆ ಕಣ್ಣಿಡಬೇಕು, ಅಷ್ಟೇ. ನಿಮ್ಮ ಡಬ್ಬಿಯ ಮೇಲೆ ಯಾವ ಹೆಸರಿದೆಯೋ ನೋಡಿಕೊಳ್ಳಿ. ಅಬಕಾವಿರ್ ಎಂದಿದ್ದರೆ ಕೇಂದ್ರದ ವೈದ್ಯರನ್ನು ಕೇಳಿ, ನೀವಾಗಿಯೇ ಬದಲಿಸಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕಳವಳಕ್ಕೀಡುಮಾಡಿದ್ದು ಬೀಡಿಯ ಸಾಲು. ಪ್ರತಿದಿನ ತಪ್ಪದೆ ಮಾತ್ರೆ ನುಂಗಿ ವೈರಸ್ಸನ್ನು ಹದ್ದುಬಸ್ತಿನಲ್ಲಿಟ್ಟವರು ನೀವು. ಅದೇ ಶಿಸ್ತನ್ನು ಬೀಡಿ ಬಿಡುವುದಕ್ಕೂ ತೋರಿಸಬಲ್ಲಿರಿ ಎಂದು ನಾನು ನಂಬುತ್ತೇನೆ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಮೂರನ್ನೂ ಪರೀಕ್ಷಿಸಿಕೊಂಡು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆಯೂ ವೈದ್ಯರೊಂದಿಗೆ ಮಾತಾಡಿ. ಭಾರತವೂ ಸೇರಿ 12 ದೇಶಗಳಲ್ಲಿ, 40ರಿಂದ 75 ವಯಸ್ಸಿನ 7,769 ಸೋಂಕಿತರಲ್ಲಿ ನಡೆದ ‘ರಿಪ್ರೀವ್’ ಅಧ್ಯಯನದ ಫಲಿತಾಂಶ 2023ರಲ್ಲಿ ಹೊರಬಂತು. ಕೊಲೆಸ್ಟರಾಲ್ ಅಷ್ಟೇನೂ ಹೆಚ್ಚಿಲ್ಲದವರಲ್ಲೂ ದಿನಕ್ಕೆ 4 ಮಿಲಿಗ್ರಾಂ ಪಿಟಾವಸ್ಟ್ಯಾಟಿನ್ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳನ್ನು ಶೇ. 35ರಷ್ಟು ತಗ್ಗಿಸಿತು. ಕೆಲವರಿಗೆ ಸ್ನಾಯುನೋವು ಬಂತು, ಮಧುಮೇಹ ತುಸು ಹೆಚ್ಚಿತು. ಆದರೂ ಲಾಭದ ತಕ್ಕಡಿಯೇ ಭಾರವೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನನ್ನ ತಾಯಿಗೆ 58 ವರ್ಷ, ಎಚ್‌ಐವಿಗೆ ಎರಡನೇ ಹಂತದ (ಮೊದಲ ಮಾತ್ರೆಗಳು ಫಲಿಸದಾಗ ಕೊಡುವ) ಚಿಕಿತ್ಸೆಯಲ್ಲಿದ್ದಾರೆ. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಕಂಡುಬಂದು ಸ್ಟೆಂಟ್ ಹಾಕಬೇಕೆಂದರು. ಸೋಂಕಿನ ವಿಷಯ ತಿಳಿದ ಕೂಡಲೇ ಆ ಖಾಸಗಿ ಆಸ್ಪತ್ರೆಯವರು ಬೇರೆಡೆ ಹೋಗಿ ಎಂದುಬಿಟ್ಟರು. ಹೊಸ ಆಸ್ಪತ್ರೆಯಲ್ಲಿ ವಿಷಯ ಹೇಳುವುದೇ ಬೇಡ ಎನ್ನುತ್ತಾರೆ ತಾಯಿ. ಮಾತ್ರೆ ಡಬ್ಬಿಯ ಲೇಬಲ್ ಕಿತ್ತು, ಅಲುಗಿದರೆ ಸದ್ದಾಗದಂತೆ ಒಳಗೆ ಹತ್ತಿ ತುರುಕಿದ್ದಾರೆ.
(ಒಬ್ಬ ಮಗಳು, ಬೆಂಗಳೂರು)

ಉತ್ತರ: ಹತ್ತಿ ತುರುಕಿದ ಅಂಥ ಡಬ್ಬಿಯನ್ನು ನಾನು ಎಷ್ಟೋ ಜನರ ಕೈಚೀಲಗಳಲ್ಲಿ ಕಂಡಿದ್ದೇನೆ, ಪ್ರತಿ ಸಲವೂ ಸಂಕಟವಾಗಿದೆ. ನಿಮ್ಮ ತಾಯಿಯ ಭಯಕ್ಕೆ ಕಾರಣವಿದೆ, ತಪ್ಪು ಅವರದಲ್ಲ. ಆದರೂ ವಿಷಯ ಮುಚ್ಚಿಟ್ಟು ಸ್ಟೆಂಟ್ ಹಾಕಿಸಿಕೊಳ್ಳುವುದು ಅವರ ಪ್ರಾಣಕ್ಕೇ ಅಪಾಯ.

ಎರಡನೇ ಹಂತದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ರಿಟೊನಾವಿರ್ ಇರುತ್ತದೆ. ಯಕೃತ್ತಿನಲ್ಲಿ ಹಲವು ಔಷಧಗಳನ್ನು ಕರಗಿಸುವ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಟಿಕಾಗ್ರೆಲಾರ್ ಇದರ ಜೊತೆ ಸೇರಿದರೆ ರಕ್ತದಲ್ಲಿ ವಿಪರೀತ ಹೆಚ್ಚಿ ರಕ್ತಸ್ರಾವವಾಗಬಹುದು. ಅದರ ಬದಲು ಕ್ಲೋಪಿಡೋಗ್ರೆಲ್ ಕೊಟ್ಟರೆ ಅದು ಸಕ್ರಿಯವಾಗದೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಸಾಮಾನ್ಯವಾಗಿ ಪ್ರಾಸುಗ್ರೆಲ್ ಮೇಲು, ಆದರೆ ಹಿಂದೆ ಪಾರ್ಶ್ವವಾಯು ಬಂದವರಿಗೆ ಅದನ್ನು ಕೊಡುವಂತಿಲ್ಲ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಸ್ಟ್ಯಾಟಿನ್, ಲೋವಸ್ಟ್ಯಾಟಿನ್ ರಿಟೊನಾವಿರ್ ಜೊತೆ ಸಲ್ಲವೇ ಸಲ್ಲವು. ಸ್ನಾಯುಗಳು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಬೇಕಾದ ಹೃದಯತಜ್ಞರಿಗೆ ಡಬ್ಬಿಯಲ್ಲಿ ಏನಿದೆ ಎಂಬುದು ಗೊತ್ತಿರಲೇಬೇಕು. ಎಆರ್‌ಟಿ ಕೇಂದ್ರದ ಪುಸ್ತಕವನ್ನು ಜೊತೆಗೆ ಒಯ್ಯಿರಿ. ಎರಡೂ ಕಡೆಯ ವೈದ್ಯರು ಒಬ್ಬರಿಗೊಬ್ಬರು ಫೋನಿನಲ್ಲಿ ಮಾತಾಡುವಂತೆ ಕೇಳಿಕೊಳ್ಳಿ.

ಚಿಕಿತ್ಸೆ ನಿರಾಕರಿಸಿದ್ದು ಕಾನೂನಿಗೆ ವಿರುದ್ಧ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇಂಥ ತಾರತಮ್ಯವನ್ನು ಸರ್ಕಾರಿ, ಖಾಸಗಿ ಎನ್ನದೆ ನಿಷೇಧಿಸುತ್ತದೆ, ಸೋಂಕಿನ ವಿಷಯವನ್ನು ಗುಟ್ಟಾಗಿಡಬೇಕೆಂದೂ ಹೇಳುತ್ತದೆ. ಅದರಡಿ ನೇಮಕವಾಗುವ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 30 ದಿನಗಳೊಳಗೆ, ತುರ್ತು ವೈದ್ಯಕೀಯ ಸಂದರ್ಭದಲ್ಲಾದರೆ ಸಾಧ್ಯವಾದಷ್ಟು 24 ಗಂಟೆಗಳೊಳಗೆ, ಅವರು ಆದೇಶ ಹೊರಡಿಸಬೇಕು. ದಾರಿ ತಿಳಿಯದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ. ಮೊದಲು ಚಿಕಿತ್ಸೆ ಆಗಲಿ, ದೂರನ್ನು ಆಮೇಲೆ ಬಿಡದೆ ಕೊಡಿ.

ಪ್ರಶ್ನೆ: 29ರ ತಮ್ಮನಿಗೆ ಎಚ್‌ಐವಿ ಇರುವುದು ಈಚೆಗಷ್ಟೇ ತಿಳಿಯಿತು. ಏದುಸಿರು, ಜ್ವರ, ಹೃದಯದ ಸುತ್ತ ನೀರು ತುಂಬಿದೆಯಂತೆ. ಇದೂ ಬ್ಲಾಕ್‌ನಿಂದಲೇ?
(ವಿಜಯಪುರದ ಓದುಗರು)

ಉತ್ತರ: ಬಹುಮಟ್ಟಿಗೆ ಅಲ್ಲ. ನಮ್ಮ ದೇಶದಲ್ಲಿ ಎಚ್‌ಐವಿ ಇರುವವರ ಹೃದಯದ ಪೊರೆಯಲ್ಲಿ ನೀರು ತುಂಬಿದಾಗ ಮೊದಲು ಅನುಮಾನಿಸಬೇಕಾದದ್ದು ಕ್ಷಯವನ್ನು. ಎಕೊ ಪರೀಕ್ಷೆಯಲ್ಲಿ ನೀರು ಹೃದಯವನ್ನು ಅದುಮುತ್ತಿರುವುದು ಕಂಡರೆ ಸೂಜಿಯಿಂದ ತಕ್ಷಣ ತೆಗೆಯಬೇಕು, ಹೀಗಾಗಿ ಆಸ್ಪತ್ರೆ ಬಿಟ್ಟು ಕದಲಬೇಡಿ. ಕ್ಷಯವೇ ಆಗಿದ್ದರೆ ಅದರ ಔಷಧ ಮೊದಲು, ಎಚ್‌ಐವಿ ಮಾತ್ರೆ ಅದರ ಬೆನ್ನಿಗೆ. ಕ್ಷಯದ ರಿಫಾಂಪಿಸಿನ್ ರಕ್ತದಲ್ಲಿ ಡೊಲುಟೆಗ್ರಾವಿರ್ ಪ್ರಮಾಣವನ್ನು ಇಳಿಸುವುದರಿಂದ, ದಿನದ ಗುಳಿಗೆಯ ಜೊತೆಗೆ 12 ಗಂಟೆಯ ನಂತರ 50 ಮಿಲಿಗ್ರಾಂನ ಇನ್ನೊಂದು ಡೊಲುಟೆಗ್ರಾವಿರ್ ಕೊಡುತ್ತಾರೆ. ಕ್ಷಯದ ಔಷಧ ಮುಗಿದ ಮೇಲೂ ಎರಡು ವಾರ ಅದನ್ನು ಮುಂದುವರಿಸಬೇಕು. ನಿಮ್ಮ ತಮ್ಮನ ಚೀಟಿಯಲ್ಲಿ ಆ ಎರಡನೇ ಮಾತ್ರೆ ಬರೆದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.