ಬಾಗಿಲಲ್ಲೇ ಕಾದ ರಾಯಭಾರಿ

ಪ್ರಶ್ನೆ: ಮಗಳು ವಿದೇಶಾಂಗ ಸೇವೆಗೆ ಓದುತ್ತಿದ್ದಾಳೆ, ಫ್ರೆಂಚ್ ಕೂಡ ಕಲಿಯುತ್ತಿದ್ದಾಳೆ. ಅಮೆರಿಕದ ಮೊದಲ ರಾಯಭಾರಿಗಳಿಗೆ ಬಹಳ ಕಷ್ಟವಿತ್ತಂತೆ, ಹೌದಾ ಸರ್?
– ಓದುಗರು, ಜಮಖಂಡಿ

ಉತ್ತರ: ಹೌದು ತಾಯಿ. ವಿಜಯಪುರದಲ್ಲಿ ಇತಿಹಾಸ ಕಲಿಸುವಾಗ, ಆ ಮೊದಲ ರಾಯಭಾರಿಗಳಲ್ಲಿ ಒಬ್ಬರಾದ ಜಾನ್ ಆಡಮ್ಸ್ ಅವರ ಪ್ರಯಾಣದ ಕಥೆಯನ್ನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದೆ. 1779ರ ನವೆಂಬರ್‌ನಲ್ಲಿ 12 ಮತ್ತು 9 ವರ್ಷದ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಫ್ರಾನ್ಸಿಗೆ ಹಡಗು ಹತ್ತಿದರು. ನಡುಗಡಲಲ್ಲಿ ಹಡಗು ಸೋರತೊಡಗಿತು. ಹಗಲು ರಾತ್ರಿ ಪಂಪು ಹೊಡೆದು ನೀರು ಹೊರಹಾಕಬೇಕು. ಪ್ರಯಾಣಿಕರೂ ಪಾಳಿ ಹಚ್ಚಿ ಕೈಹಾಕಿದರು. ಹೇಗೋ ಸ್ಪೇನಿನ ಫೆರೋಲ್ ಬಂದರು ಮುಟ್ಟಿದರು. ಅಲ್ಲಿಂದ ಚಳಿಯಲ್ಲಿ, ಹೇಸರಗತ್ತೆ ಮೇಲೆ ಬೆಟ್ಟ ದಾಟಬೇಕು. ಎಲ್ಲರಿಗೂ ನೆಗಡಿ, ಕೆಮ್ಮು. ಪ್ಯಾರಿಸ್ ಸೇರಿದ್ದು 1780ರ ಫೆಬ್ರವರಿಯಲ್ಲಿ. ಹೆಂಡತಿ ಅಬಿಗೇಲ್ ಊರಲ್ಲೇ ಇದ್ದರು. ಒಂದು ಕಾಗದ ಮುಟ್ಟಲು ತಿಂಗಳುಗಳೇ ಬೇಕಿತ್ತು.

ಅದೇ ಹಡಗಿನಲ್ಲಿದ್ದ ಫ್ರಾನ್ಸಿಸ್ ಡೇನಾ ಅವರ ಪಾಡು ನೆನೆದರೆ ನನಗೆ ಇನ್ನೂ ಜಾಸ್ತಿ ಸಂಕಟ. ಅವರು 1781ರಲ್ಲಿ ಅಮೆರಿಕದ ರಾಯಭಾರಿಯಾಗಿ ರಷ್ಯಾಕ್ಕೆ ಹೋದರು. ಅಲ್ಲಿನ ದರ್ಬಾರಿನಲ್ಲಿ ಫ್ರೆಂಚ್ ನಡೆಯುತ್ತಿತ್ತು, ಇವರಿಗೆ ಅದು ಸರಿಯಾಗಿ ಬಾರದು. ಆಡಮ್ಸರ ಹಿರಿಯ ಮಗ, 14ರ ಹುಡುಗ ಜಾನ್ ಕ್ವಿನ್ಸಿಯೇ ದುಭಾಷಿಯಾಗಿ ಜೊತೆಗೆ ಹೋದ. ಮಗಳ ಫ್ರೆಂಚ್ ಮಾತ್ರ ಬಿಡಿಸಬೇಡಿ, ಆಯ್ತಾ? ಡೇನಾ ಎರಡು ವರ್ಷ ಕಾದರು. ರಾಣಿ ಕ್ಯಾಥರೀನ್ ಅವರನ್ನು ರಾಯಭಾರಿ ಎಂದು ಒಪ್ಪಲೇ ಇಲ್ಲ. 1783ರಲ್ಲಿ ಹಾಗೇ ಮರಳಿದರು.